ನೀರಿನ ಮಂತ್ರಿಯ ರಿಜಿಸ್ಟರು

5 ಫೆಬ್ರವರಿ, ಸೋಮವಾರ

ಶಾಲೆಯ ಆಫೀಸಿನಿಂದ ನಿವೃತ್ತಿಗೆ ಇನ್ನು ಐವತ್ತನಾಲ್ಕು ದಿನ. ನಮ್ಮವರು ಈ ಪುಸ್ತಕ ತಂದುಕೊಟ್ಟು, "ಆಫೀಸಿನ ಮಾತೆಲ್ಲ ಇನ್ಮೇಲೆ ಇದಕ್ಕೆ ಹೇಳು ಮಾರಾಯ್ತಿ, ನನ್ನ ಕಿವಿಗೆ ಸ್ವಲ್ಪ ರಜ ಕೊಡು" ಎಂದರು. ಹೊಲಿಗೆ ಯಂತ್ರದ ಮುಂದೆ ಕೂತು ನಲವತ್ತು ವರ್ಷ ಗಿರಾಕಿಗಳ ಗೋಳು ಕೇಳಿದ ಕಿವಿಗೆ ಹೆಂಡತಿಯ ಮಾತು ಭಾರವಾಯಿತಂತೆ. ಇರಲಿ.

ಇವತ್ತಿನ ವಿಷಯ ನೀರು. ಶಾಲೆಯ ಆಟದ ಮೈದಾನದ ಗೋಡೆಗೆ ನಾಲ್ಕು ನಲ್ಲಿಗಳಿವೆ. ಮಕ್ಕಳು ಕುಡಿಯುತ್ತಿದ್ದುದು ಅಲ್ಲೇ. ಜನವರಿಯ ಮೊದಲಲ್ಲಿ ಬೀದಿಯ ಪೈಪು ಒಡೆದು, ರಿಪೇರಿಯಾದ ಮೇಲೆ ಕೆಂಪು ನೀರು ಬಂತು. ಹೆಡ್‌ಮೇಡಂ ನಲ್ಲಿಗಳಿಗೆ ಗೋಣಿತಾಟು ಕಟ್ಟಿಸಿದರು. ಸೀಸೆಯಲ್ಲಿ ನೀರು ತುಂಬಿಸಿ ಪರೀಕ್ಷೆಗೆಂದು ಲ್ಯಾಬಿಗೆ ಕಳಿಸಿದ್ದಾಯಿತು. ವಾರದಲ್ಲೇ ನೀರು ತಿಳಿಯಾಯಿತು. ಆದರೆ ಲ್ಯಾಬಿನ ವರದಿ ಕೈಗೆ ಬರದೆ ತಾಟು ಬಿಚ್ಚುವ ಹಾಗಿಲ್ಲ. ಅದು ಸರಿಯೇ. ಕಣ್ಣಿಗೆ ತಿಳಿಯಾಗಿ ಕಂಡದ್ದೆಲ್ಲ ತಿಳಿಯಲ್ಲ, ಕಾಗದ ಹೇಳಬೇಕು.

ಮಕ್ಕಳು ಮನೆಯಿಂದ ಬಾಟಲಿ ತರುತ್ತಾರೆ. ಹತ್ತೂವರೆಗೆ ಅದು ಖಾಲಿ. ಕಾಸಿದ್ದವರು ಎದುರಿನ ಅಂಗಡಿಯಲ್ಲಿ ಕೊಂಡು ಕುಡಿಯುತ್ತಾರೆ, ಇಲ್ಲದವರು ಮನೆಗೆ ಹೋಗುವವರೆಗೆ ತಡೆಯುತ್ತಾರೆ. ಇವತ್ತು ಆರನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಕಿಟಕಿಗೆ ಬಂದು, "ಆಂಟಿ, ನೀರಿನ ರಿಪೋರ್ಟ್ ಬಂತಾ?" ಎಂದಳು.

"ನೀನ್ಯಾರಮ್ಮ ಕೇಳೋಕೆ?"

"ನಾನು ನೀರಿನ ಮಂತ್ರಿ."

ಶಾಲೆಯ ಮಂತ್ರಿಮಂಡಲದ ಚುನಾವಣೆಯಲ್ಲಿ ಯಾರಿಗೂ ಬೇಡವಾದ ಖಾತೆ ಇವಳ ಪಾಲಿಗೆ ಬಂದಿದೆ. ಬಂದಿಲ್ಲ ಎಂದೆ. ಹೋದಳು.

7 ಫೆಬ್ರವರಿ, ಬುಧವಾರ

ಮಂತ್ರಿ ನಿನ್ನೆಯೂ ಬಂದಳು, ಇವತ್ತೂ ಬಂದಳು. "ನಿನ್ನೆ ತಾನೇ ಹೇಳಲಿಲ್ವಾ?" ಎಂದು ಗದರಿದೆ.

"ಕ್ಲಾಸಲ್ಲಿ ನಂಬಲ್ಲ ಆಂಟಿ. ನಾನು ಕೇಳೋದೇ ಇಲ್ಲ, ಸುಳ್ಳು ಹೇಳ್ತೀನಿ ಅಂತಾರೆ."

"ಬಾಯಿಮಾತಿಗೆ ಬೆಲೆ ಎಲ್ಲಿದೆ? ಒಂದು ರಿಜಿಸ್ಟರ್ ಇಟ್ಕೋ."

ತಮಾಷೆಗೆ ಅಂದದ್ದು. ಮಧ್ಯಾಹ್ನಕ್ಕೆ ನೋಟ್‌ಬುಕ್ಕಿನೊಂದಿಗೆ ಹಾಜರ್. ಗೆರೆ ಹಾಕಿಕೊಂಡು ಬಂದಿದ್ದಳು: ಕ್ರಮಸಂಖ್ಯೆ, ತಾರೀಖು, ವಿಷಯ, ಸಹಿ. ವಿಷಯದ ಕೆಳಗೆ ದುಂಡಗೆ "ವರದಿ ಬಂದಿಲ್ಲ" ಎಂದು ಬರೆದು ನನ್ನ ಮುಂದೆ ಹಿಡಿದಳು. ನಗು ತಡೆದುಕೊಂಡು ಸಹಿ ಹಾಕಿದೆ. ಗೆರೆ ಸ್ವಲ್ಪ ಸೊಟ್ಟ, ಉಳಿದಂತೆ ನಮ್ಮ ಎರಡನೇ ಗುಮಾಸ್ತನ ಕೆಲಸಕ್ಕಿಂತ ಅಚ್ಚುಕಟ್ಟು.

10 ಫೆಬ್ರವರಿ, ಶನಿವಾರ

ನಾಲ್ಕನೇ ಸಹಿ. ಮಂತ್ರಿ ತಾರೀಖು ತಪ್ಪಾಗಿ ಬರೆದು ಹಾಳೆ ಹರಿಯಲು ಹೊರಟಿದ್ದಳು. ಕೈ ಹಿಡಿದು ನಿಲ್ಲಿಸಿದೆ. "ರಿಜಿಸ್ಟರಿನ ಹಾಳೆ ಹರಿಯೋ ಹಾಗಿಲ್ಲ. ತಪ್ಪಾದ್ರೆ ಅದರ ಮೇಲೆ ಒಂದೇ ಒಂದು ಗೆರೆ. ಕೆಳಗೆ ಇದ್ದದ್ದು ಓದೋ ಹಾಗಿರಬೇಕು. ಪಕ್ಕದಲ್ಲಿ ಸರಿಯಾದ್ದು ಬರಿ, ಪ್ರತಿ ತಿದ್ದುಪಡಿಗೂ ಬೇರೆ ಬೇರೆ ಸಹಿ. ತಿಳೀತಾ?"

"ನೀವೂ ಹಾಗೇ ಮಾಡ್ತೀರಾ?"

"ನಾನು ತಪ್ಪು ಬರೆಯಲ್ಲ."

ಇದು ಜಂಭವಲ್ಲ. ಮೂವತ್ತೊಂದು ವರ್ಷದಲ್ಲಿ ಈ ಆಫೀಸಿಗೆ ಬಂದ ಒಂದು ಕಾಗದವೂ ಕಳೆದಿಲ್ಲ. ಬಂದದ್ದೆಲ್ಲ ಸೀಲು ಒತ್ತಿಸಿಕೊಂಡು, ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರು ಪಡೆದೇ ಒಳಗೆ ಹೋಗುತ್ತದೆ. ಕವರಿಂಗ್ ಲೆಟರ್ ಇಲ್ಲದೆ, ಯಾರಿಗೆ, ಯಾತಕ್ಕೆ ಎಂದು ಹೇಳದೆ ಬಂದ ಬಿಡಿ ಹಾಳೆಗೆ ನಂಬರು ಇಲ್ಲ. ಮೂಲೆಯಲ್ಲಿ ಪೆನ್ಸಿಲ್ಲಿನಿಂದ ತಾರೀಖು ಹಾಕಿ ನೀಲಿ ಫೈಲಿಗೆ ಸೇರಿಸುತ್ತೇನೆ. ಅದಕ್ಕೆ ಅನಾಥ ಫೈಲು ಎಂದು ನಾನಿಟ್ಟ ಹೆಸರು. ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬಿಚ್ಚಿ ನೋಡುವುದು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಸೀಲಮ್ಮ ಎನ್ನುತ್ತಾರೆಂದು ಗೊತ್ತು. ಎನ್ನಲಿ.

16 ಫೆಬ್ರವರಿ, ಶುಕ್ರವಾರ

ಲ್ಯಾಬಿಗೆ ಎರಡನೇ ಜ್ಞಾಪನ ಹೋಯಿತು. ಫೋನೂ ಮಾಡಿದೆ. ಅಲ್ಲಿ ಟಪಾಲು ನೋಡುವ ಗುಮಾಸ್ತ ಮೆತ್ತಗಿನ ದನಿಯ ಮನುಷ್ಯ.

"ಅಮ್ಮಾ, ನಾನೇ ಕವರಿಗೆ ಹಾಕಿ ಕಳಿಸಿದ್ದೀನಿ. ಜನವರೀಲೇ ಹೋಯ್ತು."

"ಹಾಗಾದ್ರೆ ನಿಮ್ಮ ಔಟ್‌ವರ್ಡ್ ನಂಬರ್ ಹೇಳಿ."

"ಆ ವಾರ ತುಂಬಾ ಇತ್ತಮ್ಮ, ನಂಬರ್ ಹಾಕದೆ ಒಟ್ಟಿಗೆ ಕಳಿಸಿಬಿಟ್ಟೆ. ಒಂದು ಅರ್ಜಿ ಕೊಡಿ, ನಕಲು ಮಾಡಿ ಕಳಿಸ್ತೀನಿ."

ನಕಲು ಕೇಳುವುದೆಂದರೆ ಅಸಲು ಬಂದಿದೆ ಎಂದು ನಾನು ಒಪ್ಪಿಕೊಂಡ ಹಾಗೆ! ನನ್ನ ಇನ್‌ವರ್ಡಿನಲ್ಲಿ ಇಲ್ಲದ ಕಾಗದಕ್ಕೆ ನಾನೇಕೆ ನಕಲು ಕೇಳಲಿ? ಅಸಲನ್ನೇ ಕಳಿಸಿ ಎಂದು ಫೋನಿಟ್ಟೆ. ಹೆಡ್‌ಮೇಡಂ, "ನಕಲೇ ತರಿಸಿಕೊಳ್ಳೋಣ್ವಾ ಮೇಡಂ, ಬಿಸಿಲು ಏರ್ತಾ ಇದೆ" ಎಂದರು. ಒಮ್ಮೆ ಬಗ್ಗಿದರೆ ಆಮೇಲೆ ಎಲ್ಲ ಇಲಾಖೆಯವರೂ ನಮ್ಮ ತಲೆಯ ಮೇಲೆ ಕೂರುತ್ತಾರೆ ಎಂದೆ. ಅವರು ನನ್ನ ಮಾತು ತೆಗೆದುಹಾಕುವುದಿಲ್ಲ.

20 ಫೆಬ್ರವರಿ, ಮಂಗಳವಾರ

ಹನ್ನೆರಡನೇ ಸಹಿ. ಮಂತ್ರಿಯ ತುಟಿ ಒಣಗಿ ಬಿರಿದಿತ್ತು. "ಬಾಟಲಿ ತಂದಿಲ್ವಾ?" ಎಂದೆ. ಒಂದನೇ ಕ್ಲಾಸಿನ ಮಕ್ಕಳ ಬಾಟಲಿ ಚಿಕ್ಕದಂತೆ, ಅವು ಅಳುತ್ತವಂತೆ, ಇವಳದನ್ನು ಅವಕ್ಕೆ ಹಂಚುತ್ತಾಳಂತೆ.

"ಹಂಚು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನು ಮಂತ್ರಿ ಅಲ್ವಾ?"

ನನ್ನ ಬೆನ್ನ ಹಿಂದೆಯೇ ಆಫೀಸಿನ ನೀರಿನ ಕ್ಯಾನು ಇದೆ. ಮೇಲೆ "ಸಿಬ್ಬಂದಿಗೆ ಮಾತ್ರ" ಎಂಬ ಚೀಟಿ. ಟೈಪು ಮಾಡಿ ಅಂಟಿಸಿದವಳು ನಾನೇ. ಒಬ್ಬಳಿಗೆ ಕೊಟ್ಟರೆ ಮುನ್ನೂರು ಮಕ್ಕಳಿಗೆ ಕೊಡಬೇಕು. ಕೊಡಲಿಲ್ಲ.

27 ಫೆಬ್ರವರಿ, ಮಂಗಳವಾರ

ಕ್ರೀಡಾಕೂಟದ ಅಭ್ಯಾಸದಲ್ಲಿ ಮಂತ್ರಿ ತಲೆ ಸುತ್ತಿ ಬಿದ್ದಳು. ಬೆಳಗ್ಗೆ ತಾನೇ ಸಹಿ ಹಾಕಿಸಿಕೊಂಡು ಹೋಗಿದ್ದಳು. ಶಾಲೆಯ ಆಯಮ್ಮ ಎತ್ತಿಕೊಂಡು ಬಂದು ಆಫೀಸಿನ ಬೆಂಚಿನ ಮೇಲೆ ಮಲಗಿಸಿದಳು. ಮೈ ಕೆಂಡ. ಕ್ಯಾನಿನಿಂದ ನೀರು ಹಿಡಿದು ಮುಖಕ್ಕೆ ಚಿಮುಕಿಸಿದೆ, ಕುಡಿಸಿದೆ. ಎರಡು ಲೋಟ ಗಟಗಟ ಕುಡಿದು ಕಣ್ಣು ಬಿಟ್ಟು, "ಇದು ಸಿಬ್ಬಂದಿಗೆ ಮಾತ್ರ ಅಲ್ವಾ ಆಂಟಿ?" ಎಂದಳು. ಕೆನ್ನೆಗೆ ಬಾರಿಸಿದ ಹಾಗಾಯಿತು. ಸುಮ್ಮನೆ ಕುಡಿ ಎಂದು ಗದರಿದೆ.

ಅವಳ ಅಮ್ಮ ಬಂದು ಕರೆದುಕೊಂಡು ಹೋದಳು.

1 ಮಾರ್ಚ್, ಗುರುವಾರ

ಮಂತ್ರಿ ಎರಡು ದಿನದಿಂದ ಇಲ್ಲ. ಅಮ್ಮ ಡಾಕ್ಟರ ಚೀಟಿ ತಂದು ಕಿಟಕಿಯಲ್ಲಿಟ್ಟು ಹೋದಳು. ನೀರು ಸಾಲದೆ ಮೂತ್ರದ ಸೋಂಕು, ಜ್ವರ. ಚೀಟಿಯ ಮೇಲೆ ಶಾಲೆಯ ಹೆಸರಿಲ್ಲ, ಜೊತೆಗೆ ರಜಾ ಅರ್ಜಿಯೂ ಇಲ್ಲ. ನಿಯಮದಂತೆ ಪೆನ್ಸಿಲ್ಲಿನಿಂದ ತಾರೀಖು ಹಾಕಿ ನೀಲಿ ಫೈಲಿಗೆ ಸೇರಿಸಿದೆ.

ಲ್ಯಾಬಿಗೆ ಮೂರನೇ ಜ್ಞಾಪನ. ಈ ಸಲ ಗುಮಾಸ್ತನಿಗಲ್ಲ, ಅವನ ಮೇಲಧಿಕಾರಿಗೆ. "ತಮ್ಮ ಸಿಬ್ಬಂದಿಯ ಬೇಜವಾಬ್ದಾರಿ ಹಾಗೂ ಸುಳ್ಳು ಹೇಳಿಕೆಯಿಂದ ವಿದ್ಯಾರ್ಥಿನಿಯೊಬ್ಬಳು ಅಸ್ವಸ್ಥಳಾಗಿದ್ದು" ಎಂದು ಶುರುಮಾಡಿ ಚೆನ್ನಾಗಿ ನೀರು ಕುಡಿಸಿದ್ದೇನೆ. ಎಷ್ಟೋ ದಿನದ ಮೇಲೆ ಒಂದು ಕಾಗದ ಮನಸ್ಸಿಗೆ ಸಮಾಧಾನವಾಗುವಂತೆ ಬಂತು.

3 ಮಾರ್ಚ್, ಶನಿವಾರ

ಮಂತ್ರಿ ನಿನ್ನೆಯಿಂದ ಬರುತ್ತಿದ್ದಾಳೆ, ಕಡ್ಡಿಯಾಗಿದ್ದಾಳೆ. ಸಹಿ ಆದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟ ನೀರಿಟ್ಟೆ. ಹಿಂದೆ ನಿಂತಿದ್ದ ಪುಟ್ಟ ಮಗುವೊಂದು ಆ ಲೋಟವನ್ನೇ ನೋಡುತ್ತಿತ್ತು. ಅದಕ್ಕೂ ಕೊಟ್ಟೆ. ಇದು ಪದ್ಧತಿಯಲ್ಲ ಎಂದು ಇಬ್ಬರಿಗೂ ಹೇಳಿದೆ.

6 ಮಾರ್ಚ್, ಮಂಗಳವಾರ

ಕಿಟಕಿಯ ಮುಂದೆ ಸಾಲು. ಬೆಳಗ್ಗೆ ಬಂದ ಕ್ಯಾನು ಹನ್ನೊಂದಕ್ಕೆ ಖಾಲಿ. ಮಾಸ್ತರುಗಳು ಗೊಣಗಿದರು. ಎರಡು ಕ್ಯಾನು ತರಿಸಿ ಎಂದು ಹೆಡ್‌ಮೇಡಂಗೆ ಟಿಪ್ಪಣಿ ಬರೆದೆ. ಕ್ಯಾನಿನ ಮೇಲಿನ ಚೀಟಿ ಕಿತ್ತುಹಾಕಿದೆ. ಅಂಟು ಹೇಗೂ ಒಣಗಿ ಹೋಗಿತ್ತು.

ಲ್ಯಾಬಿನ ಅಧಿಕಾರಿಯ ಫೋನು ಬಂತು. "ಆ ಗುಮಾಸ್ತನನ್ನ ಸೀಟಿಂದ ಎಬ್ಬಿಸಿದ್ದೀವಿ ಮೇಡಂ. ಸೀಸೆ ತೊಳೆಯೋ ಕಡೆ ಹಾಕಿದ್ದೀವಿ. ನೀರನ್ನ ಹೊಸದಾಗಿ ಪರೀಕ್ಷೆ ಮಾಡಿಸೋಣ, ಆದರೆ ಮೂರು ವಾರ ಹಿಡಿಯುತ್ತೆ." ಗುಮಾಸ್ತನಿಗೆ ಬುದ್ಧಿ ಬರಲಿ. ಹೆಡ್‌ಮೇಡಂ ಬೀಳ್ಕೊಡುಗೆಯ ಫಲಕಕ್ಕೆ ಒಕ್ಕಣೆ ತೋರಿಸಿದರು: "ಮೂವತ್ತೊಂದು ವರ್ಷ, ಒಂದು ಕಾಗದವೂ ಕಳೆಯದ ಕೈ." ಕೆತ್ತಲು ಕೊಟ್ಟಾಗಿದೆಯಂತೆ. ಕಣ್ಣು ತುಂಬಿತು. ಮನೆಗೆ ಬಂದು ಹೇಳಿದರೆ ನಮ್ಮವರು, "ಮನೆ ಬೀಗದ ಕೈ ಮೂರು ಸಲ ಕಳೆದಿದ್ದೀಯಲ್ಲ, ಅದನ್ನೂ ಕೆತ್ತಿಸಲಿ" ಎಂದರು.

8 ಮಾರ್ಚ್, ಗುರುವಾರ

ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಬೆಳಗ್ಗೆ ಇಪ್ಪತ್ತನಾಲ್ಕನೇ ಸಹಿ ಹಾಕಿದ್ದೆ. ಮಧ್ಯಾಹ್ನ ಆರನೇ ಕ್ಲಾಸಿನ ಟೀಚರು ಮಂತ್ರಿಯ ಹಾಜರಿಗೆಂದು ಡಾಕ್ಟರ ಚೀಟಿ ಕೇಳಿದರು. ನೀಲಿ ಫೈಲು ತೆಗೆದೆ. ಚೀಟಿ ಸಿಕ್ಕಿತು. ಅದರ ಕೆಳಗಿನ ಹಾಳೆಯ ಮೇಲೆ "ಕುಡಿಯಲು ಯೋಗ್ಯ" ಎಂದಿತ್ತು.

ಶಾಲೆಯ ಹೆಸರಿಲ್ಲ. ಯಾರಿಗೆಂದಿಲ್ಲ. ಬರೀ ಮಾದರಿ ಸಂಖ್ಯೆ. ನಾವು ಸೀಸೆ ಕಳಿಸಿದ ಪತ್ರದ ಪ್ರತಿ ತೆಗೆದು ಸಂಖ್ಯೆ ಹೋಲಿಸಿದೆ. ಮತ್ತೆ ಹೋಲಿಸಿದೆ. ನಮ್ಮದೇ. ಮೇಲಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ನನ್ನದೇ ಅಕ್ಷರ: 20 ಜನವರಿ. ಹೆಸರಿಲ್ಲದ ಹಾಳೆಯೆಂದು ಓದದೆಯೇ ಸೇರಿಸಿದ್ದೆ.

ಮಂತ್ರಿ ಮೊದಲ ಸಲ ಕಿಟಕಿಗೆ ಬರುವ ಹದಿನಾರು ದಿನ ಮೊದಲೇ ಆ ಹಾಳೆ ನನ್ನ ಕಪಾಟಿನಲ್ಲಿತ್ತು. ಲ್ಯಾಬಿನವನು ಸುಳ್ಳು ಹೇಳಿರಲಿಲ್ಲ. ಫೈಲು ಮುಚ್ಚಿ ಬೀಗ ಹಾಕಿದೆ.

9 ಮಾರ್ಚ್, ಶುಕ್ರವಾರ

ಮಂತ್ರಿ ಬಂದಳು. ಸಹಿ ಹಾಕಿದೆ.

10 ಮಾರ್ಚ್, ಶನಿವಾರ

ಪೆನ್ಸಿಲ್ ತಾರೀಖನ್ನು ರಬ್ಬರಿನಿಂದ ಅಳಿಸಿ, ವರದಿಗೆ ಇವತ್ತಿನ ತಾರೀಖಿನ ಸೀಲು ಒತ್ತಿ, ಇನ್‌ವರ್ಡಿನಲ್ಲಿ ನಂಬರು ಕೊಟ್ಟು ಹೆಡ್‌ಮೇಡಂ ಮೇಜಿನ ಮೇಲಿಟ್ಟೆ. ಅವರು ಖುಷಿಯಿಂದ, "ನಿಮ್ಮ ಮೂರನೇ ಕಾಗದ ಕೆಲಸ ಮಾಡ್ತು ನೋಡಿ!" ಎಂದರು.

ಮಕ್ಕಳಿಗೆ ನೀರು ಸಿಗುವುದು ಮುಖ್ಯ. ಸೋಮವಾರದಿಂದ ಸಿಗುತ್ತದೆ. ಇಪ್ಪತ್ತೊಂದು ದಿನದಲ್ಲಿ ನಾನು ಹೋಗುತ್ತೇನೆ. ಇದರಿಂದ ಯಾರಿಗೂ ನಷ್ಟವಿಲ್ಲ.

12 ಮಾರ್ಚ್, ಸೋಮವಾರ

ಆಯಮ್ಮ ತಾಟು ಬಿಚ್ಚಿದಳು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಬೊಗಸೆಯೊಡ್ಡಿದರು. ಅರ್ಧ ನೀರು ಹೊಟ್ಟೆಗೆ, ಅರ್ಧ ಅಂಗಿಗೆ. ಮಂತ್ರಿ ಸಾಲು ಮಾಡಿಸಿ, ಚಿಕ್ಕವರನ್ನು ಮುಂದೆ ಬಿಟ್ಟು, ಕೊನೆಯಲ್ಲಿ ತಾನು ಕುಡಿದಳು. ಎದುರಿನ ಅಂಗಡಿಯವನು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ.

ಆಮೇಲೆ ಅವಳು ಕಿಟಕಿಗೆ ಬಂದು, "ಆಂಟಿ, ರಿಪೋರ್ಟ್ ಒಂದ್ಸಲ ತೋರಿಸ್ತೀರಾ? ಇಷ್ಟು ದಿನ ಕೇಳಿದೀನಲ್ಲ" ಎಂದಳು. ತೋರಿಸಿದೆ. ಬೆರಳಿಟ್ಟು ಓದಿದಳು.

"ಇದರಲ್ಲಿ ಜನವರಿ ಹದಿನಾರು ಅಂತಿದೆ?"

"ಅಂಚೇಲಿ ತಡ ಆಯ್ತು."

"ಹಾಗಾದ್ರೆ ಲ್ಯಾಬಿನ ಅಂಕಲ್ ನಿಜಾನೇ ಹೇಳಿದ್ದು. ನೀವು ಫೋನಲ್ಲಿ ಅವರನ್ನ ಬೈತಿದ್ರಿ, ನಾನು ಕೇಳಿಸ್ಕೊಂಡೆ. ಪಾಪ, ಅವರಿಗೆ ಹೇಳಿಬಿಡಿ ಆಂಟಿ."

ಹೇಳುತ್ತೇನೆ ಎಂದೆ. ನೋಟ್‌ಬುಕ್ಕಿನಲ್ಲಿ ಅವಳೇ "ವರದಿ ಬಂತು" ಎಂದು ಬರೆದು ತಂದಿದ್ದಳು. ಕೆಲಸವಿದೆ, ನಾಳೆ ಬಾ ಎಂದು ಕಳಿಸಿದೆ. ಪೆನ್ನು ಕೈಯಲ್ಲೇ ಇತ್ತು.

13 ಮಾರ್ಚ್, ಮಂಗಳವಾರ

ಸಂಜೆ ನಮ್ಮವರು ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದರು. ಎಡಗಡೆಯದನ್ನು ಬಲಕ್ಕೆ ಹೊಲಿದುಬಿಟ್ಟಿದ್ದರಂತೆ. "ಗಿರಾಕಿ ಬಂದಿದ್ರಾ?" ಎಂದೆ.

"ಬಂದಿದ್ದ. ಕಣ್ಣು ಮಂಜಾಗಿದೆ, ತಪ್ಪು ಹೊಲಿದಿದ್ದೀನಿ, ನಾಳೆ ಬಾಪ್ಪ ಅಂದೆ. ಹೋದ."

"ಅಷ್ಟೇನಾ?"

"ಇನ್ನೇನು ಮಾಡ್ತಾನೆ? ನೀನ್ಯಾಕೆ ನಾಲ್ಕು ದಿನದಿಂದ ಅರ್ಧ ಊಟಕ್ಕೇ ಕೈ ತೊಳೆದು ಏಳ್ತಾ ಇದೀಯ?"

ಹೇಳಿದೆ. ಒಂದೂ ಬಿಡದೆ ಹೇಳಿದೆ. ಈ ಮನುಷ್ಯ ಎಲ್ಲದಕ್ಕೂ ತಮಾಷೆ ಮಾಡುವವರು, ಇದಕ್ಕೆ ಮಾಡಲಿಲ್ಲ. ಸೂಜಿ ಮೇಜಿಗೆ ಚುಚ್ಚಿ, "ಆ ಸೀಸೆ ತೊಳೆಯೋನಿಗೆ ಎಷ್ಟು ವಯಸ್ಸು?" ಎಂದು ಮಾತ್ರ ಕೇಳಿದರು. ನನಗೆ ಗೊತ್ತಿಲ್ಲ. ಕೇಳಿರಲಿಲ್ಲ.

ಶನಿವಾರ ಬರೆದದ್ದನ್ನು ಈಗ ಓದಿದೆ. ಯಾರಿಗೂ ನಷ್ಟವಿಲ್ಲ ಎಂದು ಬರೆದಿದ್ದೇನೆ.

15 ಮಾರ್ಚ್, ಗುರುವಾರ

ಬೆಳಗ್ಗೆ ಇನ್‌ವರ್ಡ್ ರಿಜಿಸ್ಟರು ತೆಗೆದುಕೊಂಡು ಹೆಡ್‌ಮೇಡಂ ಕೋಣೆಗೆ ಹೋದೆ. ವರದಿಯನ್ನು ಬೆಳಕಿಗೆ ಹಿಡಿದು, ಅಳಿಸಿದ ಪೆನ್ಸಿಲ್ಲಿನ ಒತ್ತು ತೋರಿಸಿದೆ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಲ್ಲಿ ತೆರೆದಾಯ್ತಲ್ಲ ಮೇಡಂ. ಹದಿನೈದು ದಿನಕ್ಕೆ ನೀವೂ ನಿವೃತ್ತಿ ಆಗ್ತೀರಿ. ಇದನ್ನ ಇಲ್ಲಿಗೇ ಬಿಡೋಣ" ಎಂದರು. ನನ್ನ ಮೇಲಿನ ಪ್ರೀತಿಯಿಂದಲೇ ಅಂದದ್ದು. ಒಂದು ಕ್ಷಣ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ.

"ಅಲ್ಲೊಬ್ಬರು ಸೀಸೆ ತೊಳೀತಿದಾರೆ" ಎಂದೆ.

ಅವರ ಮುಂದೆಯೇ ಹತ್ತನೇ ತಾರೀಖಿನ ನಮೂದಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ "20 ಜನವರಿಯಂದು ಸ್ವೀಕೃತ, ನನ್ನಿಂದ ನಮೂದಾಗಿಲ್ಲ" ಎಂದು ಬರೆದು ಸಹಿ ಮಾಡಿದೆ. ಲ್ಯಾಬಿನ ಅಧಿಕಾರಿಗೆ ನಾಲ್ಕೇ ಸಾಲಿನ ಪತ್ರ. ತಪ್ಪಿಗೆ ಕಾರಣ ಕೇಳಿ ನನಗೊಂದು ಮೆಮೊ ಕೊಡಬೇಕಾಯಿತು, ಹೆಡ್‌ಮೇಡಂಗೆ ಒಕ್ಕಣೆ ತೋಚಲಿಲ್ಲ, ನಾನೇ ಟೈಪು ಮಾಡಿಕೊಟ್ಟೆ. ಫಲಕ ಕೆತ್ತುವವನಿಗೂ ಫೋನು ಮಾಡಿ, ಹೆಸರೊಂದನ್ನು ಬಿಟ್ಟು ಉಳಿದದ್ದು ಬೇಡ ಎಂದೆ. ಕೆತ್ತಿ ಆಗಿದೆ ಎಂದ. ಉಜ್ಜಿ ತೆಗಿ ಎಂದೆ.

16 ಮಾರ್ಚ್, ಶುಕ್ರವಾರ

ಮಂತ್ರಿಯನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ ಹೇಳಿದೆ. ಹೆಡ್‌ಮೇಡಂಗೆ ಹೇಳಿದ್ದಕ್ಕಿಂತ ಕಷ್ಟವಾಯಿತು.

"ನಾನು ಕೇಳಿದಾಗೆಲ್ಲ ಅದು ಇಲ್ಲೇ ಇತ್ತಾ?"

"ಇಲ್ಲೇ ಇತ್ತು. ಆ ಕಪಾಟಲ್ಲಿ."

ಕಪಾಟನ್ನೇ ನೋಡಿದಳು. ನೋಟ್‌ಬುಕ್ಕು ಎದೆಗೆ ಅವುಚಿಕೊಂಡು ಎದ್ದು ಹೋದಳು.

17 ಮಾರ್ಚ್, ಶನಿವಾರ

ಮಂತ್ರಿ ಬರಲಿಲ್ಲ. ಬರಬೇಕಾದ ಕೆಲಸವೂ ಇಲ್ಲ ಈಗ.

ಲ್ಯಾಬಿನಿಂದ ಆ ಗುಮಾಸ್ತನ ಫೋನು. ಸೀಟು ವಾಪಸ್ಸು ಕೊಟ್ಟಿದ್ದಾರೆ. "ನಿಮ್ಮ ಕಾಗದ ಬಂತಮ್ಮ. ಇನ್‌ವರ್ಡ್ ಮಾಡಿದ್ದೀನಿ" ಎಂದ. ನನ್ನ ತಪ್ಪಾಯಿತು ಎಂದೆ. ಪರವಾಗಿಲ್ಲ ಎನ್ನಲಿಲ್ಲ. "ಒಂದ್ಸಲ ಹುಡುಕಿ ನೋಡಿದ್ದಿದ್ರೆ ಚೆನ್ನಾಗಿತ್ತು" ಎಂದ. ಹೌದು ಎಂದೆ. ವಯಸ್ಸು ಕೇಳಿದೆ. ಐವತ್ತೆಂಟಂತೆ. ನನಗಿಂತ ಎರಡೇ ವರ್ಷ ಚಿಕ್ಕವನು.

ಮಧ್ಯಾಹ್ನ ಬಿಸಿಲಿಗೆ ಗಂಟಲು ಒಣಗಿತು. ಕ್ಯಾನು ಖಾಲಿ. ಮೈದಾನದ ನಲ್ಲಿಗೆ ಹೋಗಿ ಮಕ್ಕಳ ಹಿಂದೆ ನಿಂತು ಕುಡಿದು ಬಂದೆ. ನೀರು ತಣ್ಣಗಿದೆ.

19 ಮಾರ್ಚ್, ಸೋಮವಾರ

ಬೆಳಗಿನ ಬಿಡುವಿನಲ್ಲಿ ಕಿಟಕಿಯ ಕಟ್ಟೆಯ ಮೇಲೆ ನೋಟ್‌ಬುಕ್ಕು ಬಂದು ಕೂತಿತು. ಹಿಂದೆ ಮಂತ್ರಿ. ನನ್ನ ಮುಖ ನೋಡಲಿಲ್ಲ.

"ತಿದ್ದಿ ಕೊಡಿ."

"ಏನು?"

"ತಪ್ಪಾದ್ರೆ ಒಂದು ಗೆರೆ, ಪಕ್ಕದಲ್ಲಿ ಸರಿಯಾದ್ದು, ಬೇರೆ ಬೇರೆ ಸಹಿ ಅಂದಿದ್ರಿ."

ಕೆಂಪು ಪೆನ್ನು ತೆಗೆದು ಶುರುಮಾಡಿದೆ. 7 ಫೆಬ್ರವರಿ, "ವರದಿ ಬಂದಿಲ್ಲ", ಗೆರೆ, "ಬಂದಿತ್ತು", ಸಹಿ. 8 ಫೆಬ್ರವರಿ, ಗೆರೆ, "ಬಂದಿತ್ತು", ಸಹಿ. ಅವಳು ಕಟ್ಟೆಗೆ ಗದ್ದ ಊರಿ ಒಂದೊಂದನ್ನೂ ನೋಡುತ್ತಿದ್ದಳು. ಇಪ್ಪತ್ತನೇ ತಾರೀಖಿನ ಸಾಲಿಗೆ ಬಂದಾಗ ಆ ದಿನದ ಒಣಗಿದ ತುಟಿ ನೆನಪಾಯಿತು, ಇಪ್ಪತ್ತೇಳಕ್ಕೆ ಬಂದಾಗ ಬೆಂಚು. ಆ ಸಹಿ ಸೊಟ್ಟಗಾಯಿತು. ಬಿಡುವು ಮುಗಿದ ಗಂಟೆ ಹೊಡೆದರೂ ಅವಳು ಹೋಗಲಿಲ್ಲ, ನಾನೂ ಹೋಗು ಎನ್ನಲಿಲ್ಲ. 8 ಮಾರ್ಚಿನದು ಮುಗಿಸಿ, ನೋಟ್‌ಬುಕ್ಕು ಮುಚ್ಚಿ ಕೊಟ್ಟೆ.

ಅವಳು ಬಿಚ್ಚಿ, ಬೆರಳಿಟ್ಟು ಮೇಲಿಂದ ಕೆಳಗೆ ಎಣಿಸಿದಳು.

"ಆಂಟಿ, ಒಂಬತ್ತನೇ ತಾರೀಖಿಂದು ಬಿಟ್ರಿ."

ಬಿಟ್ಟಿದ್ದೆ. ನೋಟ್‌ಬುಕ್ಕು ವಾಪಸ್ಸು ತೆಗೆದುಕೊಂಡು ಗೆರೆ ಎಳೆದೆ. ಪಕ್ಕದಲ್ಲಿ "ಬಂದಿತ್ತು. ನನಗೆ ಗೊತ್ತಿತ್ತು" ಎಂದು ಬರೆದು ಸಹಿ ಹಾಕಿದೆ.

ಅವಳು ಓದಿದಳು. ಶಾಯಿ ಆರಲೆಂದು ಎರಡು ಸಲ ಊದಿ, ನೋಟ್‌ಬುಕ್ಕು ಮುಚ್ಚಿಕೊಂಡು ಕ್ಲಾಸಿಗೆ ಹೋದಳು.